ಮೇಲಿನ ನೋಟ

ಶೆಡ್ಡಿನ ಮೇಜಿನಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪೆನ್ಸಿಲ್,

ಹೇಗಿದ್ದೀಯ? ಮಣಿಕಟ್ಟಿನ ನೋವು ಇಳಿಯಿತೇ? ದಿನವಿಡೀ ಕಾಲೇಜಿನ ಮಕ್ಕಳ ಚಿತ್ರ ತಿದ್ದಿ, ಸಂಜೆ ಮನೆಗೆ ಬಂದು ಮತ್ತೆ ನಿನ್ನ ಚಿತ್ರ ಬರೆಯುತ್ತ ಕೂತರೆ ಕೈ ನೋಯದೆ ಇನ್ನೇನು ಮಾಡುತ್ತದೆ? ಬಿಸಿನೀರಿಗೆ ಉಪ್ಪು ಹಾಕಿ ಹತ್ತು ನಿಮಿಷ ಅದ್ದು ಎಂದು ಹೇಳಿದ್ದೆ. ನೀನು ಅದ್ದಿರುವುದಿಲ್ಲ. ಚಿಕ್ಕಂದಿನಿಂದ ನನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳು ನೀನು. ಪತ್ರವನ್ನಾದರೂ ಕಣ್ಣಿನಿಂದ ಓದಬೇಕಲ್ಲ, ಅದಕ್ಕೇ ಈ ಸಲ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕನ್ನಡಕ ಬದಲಿಸು. ಗಂಟಲು ಕೆಟ್ಟಿದ್ದರೆ ತಣ್ಣೀರು ಕುಡಿಯಬೇಡ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಭಾವನ ಬಸ್ಸು ದಿನಾ ಹೋಗುತ್ತದೆ, ದಿನಾ ಬರುತ್ತದೆ, ಅವರೂ ಅದರ ಜೊತೆ ಹೋಗಿ ಬರುತ್ತಾರೆ. ಶಾಲೆಗೆ ಮಾಡಿಕೊಡಬೇಕಾದ ನಲವತ್ತು ಬೆಂಚುಗಳಲ್ಲಿ ಇಪ್ಪತ್ತೆರಡು ಮುಗಿದಿವೆ. ಹೆಡ್‌ಮೇಡಂ ನಿನ್ನೆ ಬಂದು ಒಂದರ ಮೇಲೆ ಕೂತು, ಎದ್ದು, ಮತ್ತೆ ಕೂತು, "ಇದು ಅಲ್ಲಾಡೋದೇ ಇಲ್ವಲ್ಲಾ!" ಎಂದರು, ಏನೋ ಕೊರತೆ ಕಂಡವರ ದನಿಯಲ್ಲಿ. ಮೂವತ್ತು ವರ್ಷ ಅಲ್ಲಾಡುವ ಬೆಂಚಿನ ಮೇಲೆ ಕೂತವರಿಗೆ ಭದ್ರವಾದದ್ದು ಕಂಡರೆ ಅನುಮಾನ. ನಾನು ಚೆನ್ನಾಗಿದ್ದೇನೆ. ಬೈತಲೆಯ ಪಕ್ಕ ಒಂದು ಹಿಡಿ ಕೂದಲು ಈ ವರ್ಷ ಪೂರ್ತಿ ಬೆಳ್ಳಗಾಯಿತು. ಮರದ ಹೊಟ್ಟು ಕೂತಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಮರೆವೂ ಶುರುವಾಗಿದೆ. ಈ ಕಾಗದ ಬರೆಯಲು ಪೆನ್ಸಿಲ್ ಬೇಕೆಂದು ಮೇಜು, ಕಪಾಟು, ನಿನ್ನ ಭಾವನ ಅಂಗಿಯ ಜೇಬು ಎಲ್ಲ ತಡಕಾಡಿದೆ. ಎಂದಿನಂತೆ ಅದು ನನ್ನ ತುರುಬಿನಲ್ಲೇ ಇತ್ತು.

ಅಪ್ಪನ ಆರೋಗ್ಯ ನೀನು ಬಂದು ಹೋದಾಗ ಇದ್ದದ್ದಕ್ಕಿಂತ ಮೇಲು. ಬಲಗೈ ಇನ್ನೂ ಹಾಗೇ ಇದೆ, ಎಡಗೈ ಎರಡು ಕೈಯ ಕೆಲಸ ಮಾಡುತ್ತಿದೆ. ಬಲಗಾಲಿಗೆ ಆಸ್ಪತ್ರೆಯವರು ಕೊಟ್ಟ ಕಟ್ಟು ಹಾಕಿದರೆ ಬಾಗಿಲ ತನಕ ನಡೆಯುತ್ತಾನೆ. ಆ ಕಟ್ಟಿಗೆ ಏಳು ಬಕಲ್ಲುಗಳಿವೆ. ದಿನಾ ಬೆಳಿಗ್ಗೆ ಅಪ್ಪ ಕಿಟಕಿಯ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂರುತ್ತಾನೆ, ನಾನು ನೆಲದ ಮೇಲೆ ಕೂತು ತಲೆ ಬಗ್ಗಿಸಿ ಒಂದೊಂದೇ ಬಕಲ್ ಬಿಗಿಯುತ್ತೇನೆ. ಹತ್ತು ನಿಮಿಷ ಹಿಡಿಯುತ್ತದೆ. ಮಾತು ಮಾತ್ರ ಬಂದಿಲ್ಲ. ಎಂಟು ತಿಂಗಳಾಯಿತು, "ಆ" ಎನ್ನುವುದು ಬಿಟ್ಟರೆ ಬೇರೇನೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ನೆನಪಿದೆಯೇ? ನನಗಂತೂ ಅಕ್ಷರ ಅಕ್ಷರ ನೆನಪಿದೆ. "ಅಕ್ಕಾ, ಅಪ್ಪನ ಸ್ಕೆಚ್‌ಬುಕ್ ನಂಗೆ ಕಳ್ಸು. ಮಾತು ಹೋದೋನು ಕಾಗದದ ಮೇಲೆ ಹೇಗೆ ಯೋಚನೆ ಮಾಡ್ತಾನೆ ಅಂತ ನನ್ನ ಮಕ್ಕಳಿಗೆ ತೋರಿಸ್ಬೇಕು. ನಿಂಗೆ ಹೇಗೂ ಅದ್ರಲ್ಲಿ ಏನೂ ಕಾಣಲ್ವಲ್ಲ." ನೀನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಗೊತ್ತು. ನಾನೇ ನೂರು ಸಲ ನಿನಗೆ ಹೇಳಿದ ಮಾತನ್ನು ನೀನು ನನಗೆ ತಿರುಗಿ ಹೇಳಿದೆ, ಅಷ್ಟೇ. ಆದರೂ ಚುಚ್ಚಿತು. "ಆಯ್ತು" ಎಂದು ಫೋನಿಟ್ಟು ಶೆಡ್ಡಿಗೆ ಬಂದು ಒಂದು ಹಲಗೆ ಉಜ್ಜತೊಡಗಿದೆ. ಒಂದೂವರೆ ಇಂಚಿನ ಹಲಗೆ ಮುಕ್ಕಾಲು ಇಂಚಿಗೆ ಬಂದಾಗ ಎಚ್ಚರವಾಯಿತು. ಆ ಬೆಂಚಿಗೆ ಈಗ ಬೇರೆ ಹಲಗೆ ಹುಡುಕಬೇಕು.

ಪುಸ್ತಕವನ್ನು ಕಳಿಸುತ್ತಿದ್ದೇನೆ. ಈ ಪತ್ರದ ಜೊತೆಗೇ ಕಟ್ಟಿಟ್ಟಿದ್ದೇನೆ, ಬಟ್ಟೆ ಸುತ್ತಿ, ಮೂಲೆ ಮುರಿಯದ ಹಾಗೆ ಎರಡು ಕಡೆ ತೆಳು ಹಲಗೆ ಇಟ್ಟು. ಅಪ್ಪನಿಗೆ ನಿನ್ನೆ ಸಂಜೆಯೇ ಹೊಸ ಪುಸ್ತಕ ತಂದುಕೊಟ್ಟೆ. ಆದರೆ ಕಳಿಸುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ನೋಡು, ಬರೆದೇಬಿಟ್ಟೆ. ಅಪ್ಪನ ಕಾನೂನಿನ ಪ್ರಕಾರ ಬರೆದದ್ದನ್ನು ಅಳಿಸುವ ಹಾಗಿಲ್ಲ.

ಆ ಕಾನೂನು ನಿನಗೆ ಮರೆತಿರಲಿಕ್ಕಿಲ್ಲ. ಈ ಶೆಡ್ಡಿನೊಳಕ್ಕೆ ರಬ್ಬರ್ ತರುವಂತಿರಲಿಲ್ಲ. "ತಪ್ಪು ಗೆರೆ ಅಲ್ಲೇ ಇರ್ಲಿ, ಸರಿ ಗೆರೆ ಎಲ್ಲಿ ಹಾಕ್ಬೇಕು ಅಂತ ಅದೇ ಹೇಳತ್ತೆ" ಎನ್ನುತ್ತಿದ್ದ. ಬೇರೆ ಬಡಗಿಗಳು ಮರ ಮುಟ್ಟಿ ಕೆಲಸ ಶುರು ಮಾಡಿದರೆ ನಮ್ಮಪ್ಪ ಕಾಗದ ಮುಟ್ಟಿ ಶುರು ಮಾಡುತ್ತಿದ್ದ. ಬೆನ್ನು ನೋವಿನ ಟೈಲರ್ ಬಂದು ತನಗೆ ಎಂಥ ಕುರ್ಚಿ ಬೇಕೆಂದು ಹೇಳಲಾರದೆ ಒದ್ದಾಡಿದಾಗ ಅಪ್ಪ ಪುಸ್ತಕವನ್ನು ಇಬ್ಬರ ನಡುವೆ ಇಟ್ಟು, "ಹೀಗಾ? ಹೀಗಾ?" ಎಂದು ಬರೆಯುತ್ತ ಹೋದ. ಟೈಲರ್ ಬಾಯಿ ಮುಚ್ಚಿಕೊಂಡು ಬೆರಳಿನಲ್ಲೇ ಉತ್ತರ ಕೊಟ್ಟ. ಮೊದಲ ಪುಟದಲ್ಲಿ ಅದು ಸ್ಟೂಲು, ಆರನೇ ಪುಟದಲ್ಲಿ ಕತ್ತೆ, ಹತ್ತೊಂಬತ್ತರಲ್ಲಿ ಅರ್ಧ ಕುರ್ಚಿ. ನಾನು ಕೇಳಿದೆ, ಇದೇನು ಕುರ್ಚಿಯೇ ಎಂದು. "ಇನ್ನೂ ಯೋಚ್ನೆ" ಎಂದ. ಮೂವತ್ತನೇ ಪುಟದಲ್ಲಿ ಟೈಲರ್ ಮೇಜು ಗುದ್ದಿ ಎದ್ದುನಿಂತ, ಆಗ ಅದು ಕುರ್ಚಿಯಾಯಿತು. ಆ ಮನುಷ್ಯ ಇವತ್ತಿಗೂ ಅದರ ಮೇಲೇ ಕೂತು ಹೊಲಿಯುತ್ತಾನೆ.

ಇನ್ನೊಂದು ಕಾನೂನು, ಮೂರು ನೋಟದ್ದು. ಯಾವ ವಸ್ತುವಾದರೂ ಮೊದಲು ಮೇಲಿನಿಂದ ನೋಡಿದ ಹಾಗೆ ಬರೆಯಬೇಕು. ನೋಡುವವರಿಗೆ ಅರ್ಥವಾಗದಿದ್ದರೆ ಎದುರಿನಿಂದ. ಆಗಲೂ ಆಗದಿದ್ದರೆ ಪಕ್ಕದಿಂದ. "ಮೂರರಲ್ಲೂ ಅರ್ಥ ಆಗ್ದೋನು ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಗೊಳ್ಲಿ" ಎನ್ನುತ್ತಿದ್ದ. ಅಪ್ಪ ಪುಸ್ತಕದ ಬಲಪುಟದಲ್ಲಿ ಮಾತ್ರ ಬರೆಯುತ್ತಿದ್ದ. ಎಡಪುಟ ನಿನ್ನದು. ನಿನಗೆ ಆರು ವರ್ಷ, ಈಗ ನಾನು ಕೂತಿರುವ ಇದೇ ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಾಲಗೆ ಹೊರಗೆ ಚಾಚಿ ಬರೆಯುತ್ತಿದ್ದೆ. ನನಗೆ ಹನ್ನೊಂದು, ನಾನು ಗರಗಸದ ಇನ್ನೊಂದು ತುದಿ ಹಿಡಿದು ನಿಂತಿರುತ್ತಿದ್ದೆ. ನೀನು ಪೆನ್ಸಿಲ್ ಆದದ್ದು, ನಾನು ಗರಗಸ ಆದದ್ದು ಆಗಲೇ. ಗರಗಸ ಎಂದು ಕರೆದದ್ದು ನನ್ನ ನಾಲಗೆಗೆ ಎಂದು ಎಲ್ಲರೂ ನಗುತ್ತಿದ್ದರು. ನನಗೆ ಗೊತ್ತಿತ್ತು, ಮನೆಯಲ್ಲಿ ಒಬ್ಬಳಿಗೆ ಬರೆಯುವ ಕೆಲಸ, ಒಬ್ಬಳಿಗೆ ಕೊಯ್ಯುವ ಕೆಲಸ. ಒಂದೇ ಒಂದು ದಿನ ನೀನು ಮಲಗಿದ್ದಾಗ ಎಡಪುಟದಲ್ಲಿ ನಾನೊಂದು ಹಸು ಬರೆದೆ. ಅಪ್ಪ ನೋಡಿ, "ಮೇಜು ಚೆನ್ನಾಗಿದೆ, ಕಾಲು ಸ್ವಲ್ಪ ತೆಳು" ಎಂದ. ತಮಾಷೆಗಲ್ಲ, ನಿಜವಾಗಿಯೂ ಮೇಜು ಎಂದೇ ತಿಳಿದಿದ್ದ. ಆಮೇಲೆ ನಾನು ಆ ಪುಟಗಳ ತಂಟೆಗೆ ಹೋಗಲಿಲ್ಲ.

ಅದೇ ವರ್ಷ ನೀನು ದೋಣಿ ಬೇಕೆಂದು ಹಟ ಹಿಡಿದೆ. ಆಡಲಿಕ್ಕೆ ಮರದ ದೋಣಿ. ಅಪ್ಪ ನಿನ್ನ ಪುಟದ ಮೂಲೆಯಲ್ಲಿ ಒಂದು ಪುಟಾಣಿ ದೋಣಿ ಬರೆದು, ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟ. ಕೆಲಸದ ಮೇಲೆ ಕೆಲಸ ಬಂತು, ದೋಣಿ ಆಗಲಿಲ್ಲ. ನೀನು ದೊಡ್ಡವಳಾದ ಮೇಲೂ ವರ್ಷಕ್ಕೊಂದು ಸಲ "ನನ್ನ ದೋಣಿ ಎಲ್ಲಿ?" ಎಂದು ಕೇಳುವುದು, ಅಪ್ಪ ತಲೆ ಕೆರೆದುಕೊಳ್ಳುವುದು, ಇಬ್ಬರೂ ನಗುವುದು. ನಾನು ಕೇಳಿದ್ದ ಪೆಟ್ಟಿಗೆಯನ್ನು ಕೇಳಿದ ವಾರವೇ ಮಾಡಿಕೊಟ್ಟಿದ್ದ. ಅದು ಇಷ್ಟು ವರ್ಷದಿಂದ ಅಟ್ಟದ ಮೇಲೆ ಬಿದ್ದಿದೆ, ಅದರ ಬಗ್ಗೆ ಯಾರೂ ನಗುವುದಿಲ್ಲ. ಕೊಡದೆ ಉಳಿಸಿಕೊಂಡ ದೋಣಿಗೆ ಇರುವ ಬೆಲೆ ಕೊಟ್ಟ ಪೆಟ್ಟಿಗೆಗೆ ಇಲ್ಲವಲ್ಲ ಎಂದು ಆಗಲೇ ಉರಿದಿತ್ತು.

ಲಕ್ವ ಹೊಡೆದು ಅಪ್ಪನ ಮಾತು ಹೋದಾಗ, ಮಾತು ಕಲಿಸಲು ಬರುವ ಡಾಕ್ಟರಮ್ಮ ಈ ಸ್ಕೆಚ್‌ಬುಕ್ ತಂದುಕೊಟ್ಟರು. "ಚಂದ ಬೇಡ, ಗೊತ್ತಾದ್ರೆ ಸಾಕು. ನೀವೂ ಬರೀಬೇಕು, ಅವ್ರೊಬ್ರೇ ಬರೆದ್ರೆ ಅದು ಮಾತುಕತೆ ಆಗಲ್ಲ" ಎಂದು ನನ್ನ ಕೈಗೂ ಒಂದು ಪೆನ್ಸಿಲ್ ಕೊಟ್ಟರು. ಮೊದಲ ದಿನ ಟೀ ಬೇಕೇ ಎಂದು ಕೇಳಲು ಒಂದು ಕಪ್ಪು ಬರೆದೆ. ಅಪ್ಪ ಅದನ್ನು ಬಹಳ ಹೊತ್ತು ನೋಡಿ, ನಡುಗುವ ಎಡಗೈಯಲ್ಲಿ ಪೆನ್ಸಿಲ್ ತೆಗೆದುಕೊಂಡ. ಬೇಕು ಎನ್ನುತ್ತಾನೆ ಎಂದುಕೊಂಡೆ. ಕಪ್ಪಿನ ಹಿಡಿಯನ್ನು ತಿದ್ದಿದ! ಮಾತು ಹೋಗಿದೆ, ಕೈ ಹೋಗಿದೆ, ನನ್ನ ತಪ್ಪು ಹಿಡಿಯುವ ಕಣ್ಣು ಮಾತ್ರ ಎಲ್ಲಿಗೂ ಹೋಗಿಲ್ಲ. ಟೀ ಆರಿಹೋಯಿತು.

ಆಮೇಲೆ ಆ ಗೆರೆಯ ಪ್ರಕರಣ. ಅಪ್ಪ ದಿನಾ ಒಂದೇ ಚಿತ್ರ ಬರೆಯುತ್ತಿದ್ದ. ಉದ್ದನೆಯ ಗೆರೆ, ನಡುವೆ ಸ್ವಲ್ಪ ಖಾಲಿ, ಆ ಖಾಲಿಯಿಂದ ಹೊರಟ ಒಂದು ಓರೆ ಗೆರೆ. ನಾನು ಊರುಗೋಲು ತಂದೆ, ಬೇಡ. ಸ್ಕೇಲು ತಂದೆ, ಬೇಡ. ಬಾಚಣಿಗೆ, ಟವೆಲು, ಕೊನೆಗೆ ಅಮ್ಮನ ಫೋಟೊ ಕೂಡ ಗೋಡೆಯಿಂದ ಇಳಿಸಿ ತಂದೆ. ಅಪ್ಪ ಕಣ್ಣು ಮುಚ್ಚಿಕೊಂಡ. ಮೂರು ವಾರ ಹೀಗೆ. ನೀನು ಬಂದೆ, ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಪುಸ್ತಕದ ಕಡೆ ಒಂದು ಸಲ ಕತ್ತು ಓರೆ ಮಾಡಿ, "ಅಯ್ಯೋ, ಕಿಟಕಿ ತೆಗಿ ಅಂತಿದಾನೆ. ಇದು ಗೋಡೆ ಕಣೇ, ಮೇಲಿಂದ ನೋಡು" ಎಂದೆ. ನಾನು ಕಿಟಕಿ ತೆರೆದೆ. ಗಾಳಿ ಬಂತು. ಅಪ್ಪ ನಿನ್ನನ್ನು ನೋಡಿದ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ. ನಿನ್ನ ಮೇಲೆ ಪ್ರೀತಿ ಬಂತು, ನಿಜ. ಅದೇ ಗಳಿಗೆಯಲ್ಲಿ ನಿನ್ನನ್ನು ಚೀಲದ ಸಮೇತ ಅದೇ ಕಿಟಕಿಯಿಂದ ಆಚೆ ಕಳಿಸಬೇಕು ಅನ್ನಿಸಿತು, ಅದೂ ನಿಜ.

ಆ ಹತ್ತು ದಿನ ನೀವಿಬ್ಬರೂ ಪುಸ್ತಕದ ಎರಡು ಕಡೆ ಕೂತು ಬರೆದದ್ದೇ ಬರೆದದ್ದು. ಅಪ್ಪ ಬಲಪುಟ, ನೀನು ಎಡಪುಟ, ಹಳೆಯ ಹಾಗೇ. ನೀನು ನಿಮ್ಮ ಕಾಲೇಜಿನ ಪ್ರಿನ್ಸಿಪಾಲರನ್ನು ಛತ್ರಿಯ ಹಾಗೆ ಬರೆದೆ, ಅಪ್ಪನ ಭುಜ ಕುಣಿಯಿತು. ನಿನ್ನ ಒಂದೇ ಒಂದು ಗೆರೆಯನ್ನು ಅವನು ತಿದ್ದಲಿಲ್ಲ. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕಿವಿಗೊಟ್ಟು ನಿಂತಿದ್ದೆ. ಎಂಥ ದಡ್ಡಿ ನೋಡು, ಕಿವಿಗೊಟ್ಟು! ಕೇಳಲಿಕ್ಕೆ ಅಲ್ಲಿ ಏನಿತ್ತು? ಪೆನ್ಸಿಲಿನ ಸದ್ದು, ನಿನ್ನ ನಗು. ಊಟಕ್ಕೆ ಬನ್ನಿ ಎಂದು ಎರಡು ಸಲ ಕರೆದೆ, ಮೂರನೇ ಸಲ ಪಾತ್ರೆ ಕುಕ್ಕಿದೆ. ಅವತ್ತು ಪಾತ್ರೆ ಕೈ ಜಾರಿತು ಎಂದಿದ್ದೆನಲ್ಲ, ಜಾರಿರಲಿಲ್ಲ. ನೀನು ಹೊರಟುಹೋದ ದಿನ ಅಪ್ಪ ಊಟ ಬಿಟ್ಟ. ಎರಡು ತಿಂಗಳು ಬಟ್ಟೆ ಬದಲಿಸಿ, ಸ್ನಾನ ಮಾಡಿಸಿ, ಬಕಲ್ ಬಿಗಿದವಳು ನಾನು. ಹತ್ತು ದಿನ ಛತ್ರಿ ಬರೆದು ಹೋದವಳಿಗೆ ಉಪವಾಸ.

ಆಮೇಲೆ ಶುರುವಾಯಿತು ಅದು. ದಿನಾ ಬೆಳಿಗ್ಗೆ ನಾನು ಕೆಳಗೆ ಕೂತು ಬಕಲ್ ಹಾಕುತ್ತಿದ್ದರೆ ಅಪ್ಪ ಮೇಲೆ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುವನು. ನನ್ನ ತಲೆಯ ಮೇಲೆ ಪೆನ್ಸಿಲಿನ ಸರಸರ ಸದ್ದು. ಏಳನೇ ಬಕಲ್ ಮುಗಿಸಿ ನಾನು ಎದ್ದಾಗ ಪುಟ ತೋರಿಸಿ "ಆ" ಎನ್ನುವನು. ಮೊದಲ ದಿನ ಬರೀ ಒಂದು ಸೊಟ್ಟ ಮೊಟ್ಟೆ. ಮರುದಿನ ಮೊಟ್ಟೆಯ ನಡುವೆ ಉದ್ದಕ್ಕೂ ಒಂದು ಗೆರೆ. ನಾಲ್ಕನೇ ದಿನ ಒಂದು ತುದಿಯಲ್ಲಿ ಗುಂಡಗಿನ ಗಂಟು. ಒಂದು ವಾರ ಕಳೆದ ಮೇಲೆ ಆ ಗಂಟಿನಲ್ಲಿ ಅಡ್ಡಲಾಗಿ ಚುಚ್ಚಿದ ಒಂದು ಕಡ್ಡಿ. ಕೈ ಹಿಡಿತಕ್ಕೆ ಬಂದ ಹಾಗೆ ನಡುಗೆರೆಯಿಂದ ಎರಡೂ ಬದಿಗೆ ಇಳಿಯುವ ಸಣ್ಣ ಸಣ್ಣ ಗೆರೆಗಳು, ನೂರಾರು. ಮೂವತ್ತನೇ ಪುಟದ ಹೊತ್ತಿಗೆ ಒಂದು ಬದಿಯಲ್ಲಿ ಮಾತ್ರ ಗೆರೆ ಹಾಕದೆ ಬಿಟ್ಟ ಬಿಳಿ ಪಟ್ಟಿ. ಹಳೆಯ ಅಪ್ಪನೇ, ದಿನಕ್ಕೊಂದು ಪುಟ, ದಿನಕ್ಕೊಂದು ಯೋಚನೆ. ನಾನು ಬೀಜ ತೋರಿಸಿದೆ, ಬ್ರೆಡ್ಡು ತೋರಿಸಿದೆ, ಚಪ್ಪಲಿ ತೋರಿಸಿದೆ. ತಲೆ ಅಲ್ಲಾಡಿಸಿದ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ನಿನಗೆ ಫೋಟೊ ಕಳಿಸಿದೆ. ಉದ್ದನೆಯ ವಸ್ತು ಅಡ್ಡ ಇದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಪುಸ್ತಕವನ್ನು ಅಡ್ಡ ತಿರುಗಿಸಿಯೇ ತೆಗೆದೆ.

ನಿನ್ನ ಉತ್ತರ ಬರಲು ಎರಡು ನಿಮಿಷ ಕೂಡ ಹಿಡಿಯಲಿಲ್ಲ. "ಅಕ್ಕಾ, ನನ್ನ ದೋಣಿ!!! ಹಲಗೆಗಳು ನೋಡು, ಚುಕ್ಕಾಣಿ ನೋಡು, ಅದರ ಹಿಡಿ ನೋಡು. ಅಪ್ಪ ಮರೆತಿಲ್ಲ!" ನಾನು ನೋಡಿದೆ. ಹೌದು, ದೋಣಿಯೇ. ಒಮ್ಮೆ ನೀನು ಹೇಳಿದ ಮೇಲೆ ಬೇರೇನೂ ಕಾಣಲಿಲ್ಲ. ನಲವತ್ತೊಂದು ಪುಟ, ಪೆನ್ಸಿಲ್! ಟೈಲರನ ಕುರ್ಚಿಗೇ ಮೂವತ್ತು ಸಾಕಾಗಿತ್ತು. ನಾನು ಕಾಲ ಬುಡದಲ್ಲಿ ಕೂತು ಬಕಲ್ ಬಿಗಿಯುತ್ತಿದ್ದರೆ, ಅವನು ನನ್ನ ತಲೆಯ ಮೇಲಿಂದ ಎಲ್ಲೋ ಇರುವ ನಿನಗೆ ದೋಣಿ ಬರೆಯುತ್ತಿದ್ದ. ಅವತ್ತಿನ ಹೊಟ್ಟೆ ಉರಿಗೆ ಬಕಲ್ ಒಂದು ತೂತು ಜಾಸ್ತಿ ಬಿಗಿದೆ. ಅಪ್ಪ "ಆ" ಎಂದ. ತಕ್ಷಣ ಸಡಿಲ ಮಾಡಿ ಕಾಲು ತಿಕ್ಕಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ನಿನ್ನ ಭಾವನಿಗೂ.

ಪಾಪ ತಟ್ಟಿತೋ ಹಟ ಬಂತೋ ಹೇಳಲಾರೆ, ಆ ದೋಣಿಯನ್ನು ನಾನೇ ಮಾಡುತ್ತೇನೆ ಎಂದು ಕೂತೆ. ಬರೆಯಲು ಬಾರದಿದ್ದರೇನು, ಬರೆದದ್ದನ್ನು ಮಾಡಲು ಈ ಮನೆಯಲ್ಲಿ ನನಗಿಂತ ಬೇರೆ ಯಾರಿದ್ದಾರೆ? ಬೆಂಚಿನ ಕೆಲಸ ಬದಿಗಿಟ್ಟು ಆರು ದಿನ ಅದಕ್ಕೇ ಕೊಟ್ಟೆ. ಗೆರೆಗಳು ನಡುವಿನಿಂದ ಎರಡು ಕಡೆಗೂ ಇಳಿಯಬೇಕಲ್ಲ, ಅದಕ್ಕೆ ಒಂದೇ ಹಲಗೆಯನ್ನು ಸೀಳಿ, ಪುಸ್ತಕ ಬಿಡಿಸಿದ ಹಾಗೆ ಬಿಡಿಸಿ, ಎಳೆಗೆ ಎಳೆ ಹೊಂದಿಸಿ ಅಂಟಿಸಿದೆ. ಒಳಗೆಲ್ಲ ಕೊರೆದು ತೆಗೆದೆ. ನಡುವೆ ಉದ್ದಕ್ಕೂ ಸಣ್ಣ ಗೆರೆ ಕೊರೆದೆ. ಬಿಳಿ ಪಟ್ಟಿಯದು ದೊಡ್ಡ ತಲೆನೋವಾಯಿತು. ಅದು ಯಾಕೆ ಬೇಕು, ದೋಣಿಗೆ ಯಾವ ಉಪಯೋಗ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಪ್ಪ ಬಿಟ್ಟಿದ್ದಾನೆ ಎಂದರೆ ಕಾರಣ ಇರಲೇಬೇಕು ಎಂದು ತಿಳಿಬಣ್ಣದ ಮರದ ತುಂಡು ಹುಡುಕಿ ಒಂದು ಬದಿಯಲ್ಲಿ ಕೂರಿಸಿದೆ. ತುದಿಗೆ ಗಂಟು, ಗಂಟಿನಲ್ಲಿ ತೂತು, ತೂತಿನಲ್ಲಿ ಕಡ್ಡಿ. ಉಪ್ಪುಕಾಗದ ಹಾಕಿ ಹಾಕಿ ಬೆರಳ ತುದಿ ಕೆಂಪಾಯಿತು. ಹೊಗಳಿಕೊಳ್ಳುವುದಲ್ಲ, ಇಷ್ಟು ಒಳ್ಳೆಯ ಕೆಲಸವನ್ನು ನಾನು ಎಂದೂ ಮಾಡಿಲ್ಲ. ನಿನಗಾಗಿ ಎಂದು ಮಾಡಲಿಲ್ಲ, ತಿಳಿದುಕೋ. ಅಪ್ಪ ಒಂದು ಸಲ, ಒಂದೇ ಸಲ, ಕಿಟಕಿ ತೆರೆದಾಗ ನಿನ್ನನ್ನು ನೋಡಿದ ಹಾಗೆ ನನ್ನನ್ನು ನೋಡಲಿ ಎಂದು ಮಾಡಿದೆ.

ನಿನ್ನೆ ಬೆಳಿಗ್ಗೆ ಬಕಲ್ಲೆಲ್ಲ ಹಾಕಿ ಮುಗಿಸಿ ದೋಣಿಯನ್ನು ತಂದು ಅವನ ತೊಡೆಯ ಮೇಲಿಟ್ಟೆ. ಅಪ್ಪ ನೋಡಿದ. ಒಂದು ಬೆರಳಿನಿಂದ ನಡುಗೆರೆ ಸವರಿದ. ಬಿಳಿ ಪಟ್ಟಿ ಸವರಿದ. ಕಡ್ಡಿಯನ್ನು ಎಳೆದು ನೋಡಿ ಮತ್ತೆ ಸಿಕ್ಕಿಸಿದ. ಆಮೇಲೆ ನನ್ನ ಮುಖ ನೋಡಿ ನಗತೊಡಗಿದ. ಎಂಟು ತಿಂಗಳಲ್ಲಿ ಮೊದಲ ಸಲ ಗಂಟಲಿನಿಂದ ಸದ್ದು ಬರುವ ನಗು! ಭುಜ ಕುಣಿಯುವುದಲ್ಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಇಳಿಸಿಕೊಂಡು. ನಿನ್ನ ಭಾವ ಕ್ಷೌರ ಅರ್ಧಕ್ಕೆ ಬಿಟ್ಟು ನೊರೆ ಮುಖದಲ್ಲೇ ಓಡಿ ಬಂದರು. ಬಂದವರು ಅಪ್ಪನನ್ನು ನೋಡಿ ತಾವೂ ನಕ್ಕರು, ಯಾಕೆಂದು ತಿಳಿಯದೆ. ನಾನೊಬ್ಬಳೇ ನಗಲಿಲ್ಲ. ಹಸು ಮೇಜಾದ ದಿನದ ಹಾಗೇ ಕಿವಿ ಬಿಸಿಯಾಯಿತು. ನಿನ್ನ ದೋಣಿಯನ್ನು ನಾನು ಅಷ್ಟೊಂದು ಕೆಟ್ಟದಾಗಿ ಮಾಡಿದೆನೇ? ಅವನ ತೊಡೆಯ ಮೇಲಿಂದ ಅದನ್ನು ಕಿತ್ತುಕೊಂಡು ಬಂದು ಶೆಡ್ಡಿನ ಮೂಲೆಯಲ್ಲಿ ಹಾಕಿದೆ. ಹೊಸ ಸ್ಕೆಚ್‌ಬುಕ್ ಸಂಜೆ ತಂದು ಅವನ ಮುಂದಿಟ್ಟು, ಹಳೆಯದಕ್ಕೆ ಕೈ ಹಾಕಿದೆ. ಅಪ್ಪ ಹಳೆಯದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಬೆರಳು ಬಿಡಿಸಿ ತೆಗೆದುಕೊಂಡೆ. ಎಡಗೈಗೆ ಈಗ ಒಳ್ಳೆಯ ಶಕ್ತಿ ಬಂದಿದೆ, ಡಾಕ್ಟರಮ್ಮನಿಗೆ ಹೇಳಬೇಕು.

ಆದ್ದರಿಂದ ಪುಸ್ತಕ ನಿನ್ನದು, ಇಟ್ಟುಕೋ. ಮಕ್ಕಳಿಗೆ ತೋರಿಸು, ಗೋಡೆಗೆ ಹಾಕು, ಏನು ಬೇಕಾದರೂ ಮಾಡು. ನಲವತ್ತೊಂದು ಪುಟವನ್ನೂ ಎಣಿಸಿ ಇಟ್ಟಿದ್ದೇನೆ, ಒಂದನ್ನೂ ಹರಿದಿಲ್ಲ. ಹರಿಯಬೇಕೆಂದು ಕೈ ಹೋಗಿತ್ತು. ಒಂದು ಪುಟವಾದರೂ ನನ್ನ ಹತ್ತಿರ ಇರಲಿ ಎನ್ನಿಸಿತು. ಆದರೆ ನಿನ್ನ ದೋಣಿಯ ಚಿತ್ರ ಇಟ್ಟುಕೊಂಡು ನಾನೇನು ಮಾಡಲಿ? ನೀನು ನನ್ನ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು, ಈಗ ಸ್ವಲ್ಪ ಹಗುರ. ಕೈಗೆ ಉಪ್ಪುನೀರಿನ ಮಾತು ಮಾತ್ರ ಮರೆಯಬೇಡ.

ನಿನ್ನ ಭಾವ ನೆನಪು ಹೇಳಿದ್ದಾರೆ. ಅಪ್ಪನ ಪರವಾಗಿ ನಾನೇ ನಿನ್ನ ನೆತ್ತಿ ಸವರಿದೆ ಎಂದುಕೋ. ನಿನ್ನ ಕೆಲಸ ಚೆನ್ನಾಗಿ ನಡೆಯಲಿ, ನೂರು ಕಾಲ ಬಾಳು.

ನಿನ್ನ ಅಕ್ಕ,
ಗರಗಸ

ಮರೆಯುವ ಮುಂಚೆ, ಬುಧವಾರ ಬೆಳಿಗ್ಗೆ, ಬಹಳ ಗಡಿಬಿಡಿಯಲ್ಲಿ: ಪಾರ್ಸೆಲ್ಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಟೀ ಕೊಟ್ಟು ಕೂರಿಸಿದ್ದೇನೆ. ಇವತ್ತು ಬಕಲ್ ಹಾಕಲು ಕೂತೆ. ಮುಖ ಊದಿಸಿಕೊಂಡೇ ಕೂತೆ. ಮೂರನೇ ಬಕಲ್ಲಿಗೆ ಪೆನ್ಸಿಲಿನಿಂದ ನೆತ್ತಿಯ ಮೇಲೆ ಟಕ್ ಟಕ್ ಎಂದು ಎರಡು ಏಟು ಬಿತ್ತು. ತಲೆ ಎತ್ತಿದೆ. ಅಪ್ಪ ಎಡಗೈಯಲ್ಲಿ ನನ್ನ ಗಲ್ಲ ಹಿಡಿದು, ಅಲ್ಲಾಡಬೇಡ ಎನ್ನುವಂತೆ ನಿಲ್ಲಿಸಿ, ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆಯತೊಡಗಿದ. ಆಮೇಲೆ ತಿರುಗಿಸಿ ತೋರಿಸಿದ. ನಡುವೆ ಗೆರೆ, ಒಂದು ಬದಿಗೆ ಬಿಳಿ ಪಟ್ಟಿ, ಹಿಂದೆ ಗಂಟು, ಗಂಟಿನಿಂದ ಇಣುಕುವ ಕಡ್ಡಿ. ಅದರ ಕೆಳಗೆ ಗಂಟಿಕ್ಕಿದ ಎರಡು ಹುಬ್ಬು, ನಮ್ಮಮ್ಮನದೇ ಮೂಗು, ಹಲ್ಲಿನಲ್ಲಿ ಕಚ್ಚಿ ಹಿಡಿದ ಬಕಲ್ಲಿನ ಪಟ್ಟಿ. ನಾನು ಕಣೇ! ಬೈತಲೆ, ನರೆತ ಕೂದಲು, ತುರುಬು, ತುರುಬಿನಲ್ಲಿ ಪೆನ್ಸಿಲ್. ಮೇಲಿನ ನೋಟ ನನಗೆ ಅರ್ಥವಾಗಲಿಲ್ಲ ಎಂದು ಎದುರಿನ ನೋಟ ಬರೆದ. ನಲವತ್ತೊಂದು ಬೆಳಿಗ್ಗೆ ಅವನ ಕಣ್ಣ ಮುಂದೆ ಇದ್ದದ್ದು ನನ್ನ ನೆತ್ತಿ, ಅದನ್ನೇ ಬರೆದಿದ್ದಾನೆ. ಮೇಲಿಂದ ನೋಡು ಎಂದು ನೀನೇ ಹೇಳಿಕೊಟ್ಟಿದ್ದೆ. ನಾನು ನೋಡಲಿಲ್ಲ, ನೀನೂ ನೋಡಲಿಲ್ಲ, ಟೀಚರಮ್ಮ. ನಾನು ಪುಸ್ತಕ ಅಡ್ಡ ತಿರುಗಿಸಿದ್ದೂ ತಪ್ಪು. ಅಪ್ಪನ ಕಾಲ ಮೇಲೆ ತಲೆಯಿಟ್ಟು ಅತ್ತೆ. ನಾಲ್ಕು ಬಕಲ್ ಇನ್ನೂ ಹಾಕಬೇಕಿತ್ತು.

ಪುಸ್ತಕ ಬರುತ್ತಿಲ್ಲ. ಕಟ್ಟು ಬಿಚ್ಚಿ ತೆಗೆದುಕೊಂಡಿದ್ದೇನೆ, ಬೇಕಾದರೆ ನೀನೇ ಇಲ್ಲಿಗೆ ಬಂದು ನೋಡು, ನೆಲದ ಮೇಲೆ ಕೂರಿಸಿ ನಿನ್ನ ಕೈಯಲ್ಲೂ ಏಳು ಬಕಲ್ ಹಾಕಿಸುತ್ತೇನೆ. ಅದೇ ಬಟ್ಟೆಯಲ್ಲಿ ದೋಣಿ ಸುತ್ತಿ ಕಳಿಸುತ್ತಿದ್ದೇನೆ. ಮೇಜಿನ ಮೇಲಿಟ್ಟು ಹಣ್ಣು ತುಂಬಿಕೋ, ನೀರಿಗೆ ಬಿಡಬೇಡ, ಅದು ನಿನ್ನ ಅಕ್ಕನ ತಲೆ. ಹೊಟ್ಟೆಕಿಚ್ಚು ಪಡುವುದು ಇನ್ನು ನಿನ್ನ ಸರದಿ.